ಕೋಠಿಯ ನೆರಳು, ಎರವಲು ಹೆಸರು

ಉರ್ದು, ಹಿಂದಿಗಳಲ್ಲಿ ಕೋಠಿ ಎಂದರೆ ದೊಡ್ಡ ಬಂಗಲೆ. ಸಾಹುಕಾರರ ಲೇವಾದೇವಿ ಮನೆಗೂ ಅದೇ ಮಾತು. ಹೈದರಾಬಾದಿನ ಕೋಠಿ ಪ್ರದೇಶದ ಇತಿಹಾಸದಲ್ಲಿ ಈ ಎರಡೂ ಅರ್ಥಗಳಿವೆ. ಬಂಗಲೆ ಎಂದರೆ 19ನೇ ಶತಮಾನದ ಮೊದಲ ದಶಕದಲ್ಲಿ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿ. ಮುಂದೆ ಅದು ಮಹಿಳಾ ಕಾಲೇಜಾಯಿತು. ಲೇವಾದೇವಿ ಮನೆ ಎಂದರೆ 1814ರಲ್ಲಿ ಶುರುವಾದ ವಿಲಿಯಂ ಪಾಮರ್ ಕಂಪನಿ.

ಪಾಮರ್ ಕಂಪನಿ ನಿಜಾಮನ ಸರ್ಕಾರಕ್ಕೆ ಭಾರಿ ಬಡ್ಡಿಗೆ ಸಾಲ ಕೊಟ್ಟಿತು. ಅದರ ಪಾಲುದಾರ ವಿಲಿಯಂ ರಂಬೋಲ್ಡ್, ಗವರ್ನರ್ ಜನರಲ್ ಹೇಸ್ಟಿಂಗ್ಸ್ ಸಾಕಿದ ಹುಡುಗಿಯ ಗಂಡ. 1820ರಲ್ಲಿ ರೆಸಿಡೆಂಟ್ ಆಗಿ ಬಂದ ಚಾರ್ಲ್ಸ್ ಮೆಟ್ಕಾಫ್‌ನ ಆಕ್ಷೇಪಗಳಲ್ಲಿ ಒಂದು ಇದು: ಜನರಿಗೆ ಈ ಖಾಸಗಿ ಕಂಪನಿ ಬ್ರಿಟಿಷ್ ಸರ್ಕಾರದ್ದೇ ಒಂದು ಅಂಗದಂತೆ ಕಾಣುತ್ತಿದೆ. 1824ರಲ್ಲಿ ಕಂಪನಿ ದಿವಾಳಿಯಾಯಿತು. ಖೊಟ್ಟಿ ಮೊಹರು ಒತ್ತುವ ಅಗತ್ಯವೇ ಅದಕ್ಕೆ ಇರಲಿಲ್ಲ, ದೊಡ್ಡವರ ನೆರಳೇ ಸಾಕಿತ್ತು.

ಫಿಶಿಂಗ್ ನಡೆಯುವುದೂ ಇಂಥ ಎರವಲು ನಂಬಿಕೆಯ ಮೇಲೆಯೇ. ಅಲ್ಲಿ ಮೊಹರೂ ಖೊಟ್ಟಿ, ಅಷ್ಟೇ. 1990ರ ದಶಕದ ನಡುವೆ ಅಮೆರಿಕದಲ್ಲಿ ಕೆಲವರು ಅಮೆರಿಕ ಆನ್‌ಲೈನ್ ಕಂಪನಿಯ ಸಿಬ್ಬಂದಿಯಂತೆ ನಟಿಸಿ ಗ್ರಾಹಕರ ಪಾಸ್‌ವರ್ಡ್ ಕೇಳತೊಡಗಿದರು. ಈ ಗಾಳಕ್ಕೆ ಫಿಶಿಂಗ್ ಎಂಬ ಹೆಸರು 1996ರ ಹೊತ್ತಿಗೆ ಬಳಕೆಯಲ್ಲಿತ್ತು.

ಹೈದರಾಬಾದಿನಲ್ಲೇ 2021ರ ನವೆಂಬರಿನಲ್ಲಿ ಮಹೇಶ್ ಸಹಕಾರಿ ಬ್ಯಾಂಕಿನ ಸಿಬ್ಬಂದಿಗೆ ಇನ್ನೂರಕ್ಕೂ ಹೆಚ್ಚು ಇಂಥ ಇಮೇಲ್‌ಗಳು ಬಂದವು ಎಂದು ಪೊಲೀಸರು ತನಿಖೆಯ ನಂತರ ಹೇಳಿದರು. ಅವನ್ನು ತೆರೆದವರು ಇಬ್ಬರು. 2022ರ ಜನವರಿಯಲ್ಲಿ ಬ್ಯಾಂಕಿನಿಂದ 12 ಕೋಟಿ ರೂಪಾಯಿಗೂ ಹೆಚ್ಚು ಹಣ ಹೋಯಿತು. ಸೈಬರ್ ಭದ್ರತೆಯ ಲೋಪಕ್ಕಾಗಿ ರಿಸರ್ವ್ ಬ್ಯಾಂಕ್ 2023ರಲ್ಲಿ ಅದಕ್ಕೆ 65 ಲಕ್ಷ ರೂಪಾಯಿ ದಂಡ ಹಾಕಿತು.

ಭಾಷೆಯ ತಪ್ಪಿನಿಂದ ಕಳ್ಳನನ್ನು ಹಿಡಿಯಬಹುದು ಎಂಬುದು ನನ್ನಂಥ ಅನುವಾದಕರಿಗೆ ಪ್ರಿಯವಾದ ನಂಬಿಕೆ. 2016ರ ಬಾಂಗ್ಲಾದೇಶ್ ಬ್ಯಾಂಕ್ ದರೋಡೆಯಲ್ಲಿ ‘ಫೌಂಡೇಶನ್’ ಎಂಬ ಪದವನ್ನು ಕಳ್ಳರು ತಪ್ಪಾಗಿ ಬರೆದದ್ದು ಅನುಮಾನ ಹುಟ್ಟಿಸಿ, ಒಂದು ವರ್ಗಾವಣೆ ನಿಂತಿತು. ಇಂದು ಯಂತ್ರವೇ ತಪ್ಪಿಲ್ಲದ ಕನ್ನಡದಲ್ಲಿ, ‘ಮಾನ್ಯ ಗ್ರಾಹಕರೇ’ ಎಂದು ಶುರುಮಾಡಿ ಪತ್ರ ಬರೆದುಕೊಡುತ್ತದೆ. ಶುದ್ಧ ಭಾಷೆ ಈಗ ಯಾವುದಕ್ಕೂ ಪುರಾವೆಯಲ್ಲ.

ಆದರೂ ಶಾಲೆಯ ವ್ಯಾಕರಣ ಒಂದು ಕಡೆ ಉಪಯೋಗಕ್ಕೆ ಬರುತ್ತದೆ. ತತ್ಪುರುಷ ಸಮಾಸದಲ್ಲಿ ಉತ್ತರಪದಕ್ಕೆ ಪ್ರಾಧಾನ್ಯ: ಅರಮನೆ ಎಂದರೆ ಮನೆ, ಅರಸನಲ್ಲ. ಜಾಲತಾಣದ ವಿಳಾಸವೂ ಹಾಗೆಯೇ. ಮುಂಭಾಗದಲ್ಲಿ ಬ್ಯಾಂಕಿನ ಹೆಸರು ಎಷ್ಟು ದೊಡ್ಡದಾಗಿದ್ದರೂ, ಮೊದಲ ಓರೆಗೆರೆಗೆ ಮುಂಚಿನ ಕೊನೆಯ ತುಂಡುಗಳೇ ಒಡೆಯನನ್ನು ಹೇಳುತ್ತವೆ. ಇದಕ್ಕೆಂದೇ ರಿಸರ್ವ್ ಬ್ಯಾಂಕ್ ದೇಶದ ಬ್ಯಾಂಕುಗಳಿಗೆ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಹೋಗಲು ಹೇಳಿತು. ಆ ವಿಳಾಸಗಳನ್ನು ಕೊಡುವುದು ರಿಸರ್ವ್ ಬ್ಯಾಂಕ್ 1996ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಐಡಿಆರ್‌ಬಿಟಿ ಸಂಸ್ಥೆ.

ಇದೂ ಪೂರ್ಣ ರಕ್ಷೆಯಲ್ಲ. ಇಮೇಲ್ ಕಳುಹಿಸಿದವರ ವಿಳಾಸವನ್ನೇ ನಕಲು ಮಾಡಬಹುದು. ಆದ್ದರಿಂದ ಅವಸರಪಡಿಸುವ ಪತ್ರ ಬಂದರೆ ಅದರೊಳಗಿನ ಲಿಂಕ್, ಫೋನ್ ನಂಬರ್ ಎರಡನ್ನೂ ಬಿಟ್ಟು, ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂಬದಿಯಲ್ಲೋ ಇರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ. ಯಾರ ಹೆಸರು ಹೇಳಿಕೊಂಡು ಬಂದರೂ, ಆ ಹೆಸರಿನವರನ್ನೇ ನೇರವಾಗಿ ಕೇಳುವ ಹಕ್ಕು ನಮಗಿದೆ.