ಹತ್ತು ಜನರ ಸಮಿತಿಯೂ ಹೈಸ್ಕೂಲಿನ ಪಾಠಕ್ರಮವೂ

ಹದಿನೇಳನೆಯ ಶತಮಾನದಲ್ಲಿ ಅಮೆರಿಕದ ಹಾರ್ವರ್ಡ್ ಕಾಲೇಜನ್ನು ಸೇರಬಯಸುವ ಬಾಲಕನು ಸಿಸೆರೊವಿನ ಲ್ಯಾಟಿನ್ ಗದ್ಯವನ್ನು ಓದಿದೊಡನೆ ಅರಿಯಬಲ್ಲವನೂ ಗ್ರೀಕ್ ನಾಮ-ಕ್ರಿಯಾಪದಗಳ ರೂಪಗಳನ್ನು ಹೇಳಬಲ್ಲವನೂ ಆಗಿರಬೇಕಿದ್ದುದರಿಂದ, ಶಾಲೆಯಲ್ಲಿ ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾರ್ವಜನಿಕ ಹೈಸ್ಕೂಲುಗಳು ವೃದ್ಧಿಸಿ, ವಿಜ್ಞಾನ, ಚರಿತ್ರೆ, ಆಧುನಿಕ ಭಾಷೆಗಳು ತರಗತಿಗೆ ಬಂದಮೇಲೆ, ಒಂದೊಂದು ಕಾಲೇಜೂ ತನ್ನದೇ ಪ್ರವೇಶನಿಯಮವನ್ನು ವಿಧಿಸುತ್ತಿದ್ದುದರಿಂದ, ಒಂದೇ ತರಗತಿಯವರನ್ನು ಹಲವು ಬಗೆಯ ಪರೀಕ್ಷೆಗಳಿಗೆ ಸಿದ್ಧಗೊಳಿಸಬೇಕಾದ ಮುಖ್ಯೋಪಾಧ್ಯಾಯರ ಪಾಡು ಶೋಚನೀಯವಾಯಿತು.

ಈ ಗೊಂದಲದ ಪರಿಹಾರಾರ್ಥವಾಗಿ 1892ರಲ್ಲಿ ನೇಮಕಗೊಂಡ, ಹಾರ್ವರ್ಡಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ಟರ ನೇತೃತ್ವದ ಹತ್ತು ಜನರ ಸಮಿತಿಯು, ಕಾಲೇಜಿಗೆ ಹೋಗುವವರಿಗೊಂದು ಹೋಗದವರಿಗೊಂದು ಎಂದು ಬೋಧನೆಯಲ್ಲಿ ಭೇದವೆಣಿಸಲಾಗದೆಂದು ಸಾರಿ, ಪ್ರಾಚೀನ ಭಾಷೆಗಳು, ಲ್ಯಾಟಿನ್-ವಿಜ್ಞಾನ, ಆಧುನಿಕ ಭಾಷೆಗಳು, ಇಂಗ್ಲಿಷ್ ಎಂಬ ನಾಲ್ಕು ಪಾಠಕ್ರಮಗಳನ್ನು ಸೂಚಿಸಿತು. ಆದರೆ ಅಂದಿನ ಪರಿಸ್ಥಿತಿಯಲ್ಲಿ ಕೊನೆಯ ಎರಡು ಕ್ರಮಗಳು ಮಿಕ್ಕೆರಡಕ್ಕಿಂತ ಕೆಳಮಟ್ಟದವಾಗುವುವೆಂದೂ ಅದೇ ಸಮಿತಿಯ ವರದಿಯು ನುಡಿಯಿತು. ಆ ವಿದ್ವಾಂಸರ ಔದಾರ್ಯಕ್ಕೂ ಒಂದು ಎಲ್ಲೆಯಿತ್ತೆನ್ನಬೇಕು.

1900ರಲ್ಲಿ ಸ್ಥಾಪಿತವಾದ ಕಾಲೇಜು ಪ್ರವೇಶ ಪರೀಕ್ಷಾ ಮಂಡಲಿಯು ಮರುವರ್ಷವೇ ಹಲವು ಕಾಲೇಜುಗಳಿಗೆ ಸಮಾನವಾದ ಪರೀಕ್ಷೆಯನ್ನು ನಡೆಸಿತು. ಅದೇ ಮಂಡಲಿಯು 1955ರಲ್ಲಿ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಯೋಜನೆಯ ಹೊಣೆಯನ್ನು ವಹಿಸಿಕೊಳ್ಳಲು, ಕಾಲೇಜಿನ ಪಾಠವನ್ನೇ ಹೈಸ್ಕೂಲಿನಲ್ಲಿ ಓದುವ ಪದ್ಧತಿಯು ಹಬ್ಬಿ, ಐಚ್ಛಿಕವೆಂದು ಆರಂಭವಾದುದು ಹೆಸರಾಂತ ಕಾಲೇಜುಗಳ ಆಕಾಂಕ್ಷಿಗಳಿಗೆ ಕ್ರಮೇಣ ಕಡ್ಡಾಯದಂತೆಯೇ ಆಯಿತು.