ಜನನಾಂಗದ ಚರ್ಮದ ಹುಣ್ಣು ಹಾಗೂ ಗುಳ್ಳೆಗಳು: ರೋಗನಿರ್ಣಯ ಕ್ರಮ

ಜನನಾಂಗದ ಚರ್ಮದ ಮೇಲೆ ಕಾಣಿಸಿಕೊಳ್ಳುವ ಹುಣ್ಣು, ಗುಳ್ಳೆಗಳೆಲ್ಲವೂ ಲೈಂಗಿಕ ಸೋಂಕಿನಿಂದ ಬಂದವುಗಳಲ್ಲ. ಅಂತೆಯೇ, ನೋವಿಲ್ಲದ ಹುಣ್ಣು ಅಪಾಯವಿಲ್ಲದ್ದೆಂದು ಭಾವಿಸುವುದೂ ಸರಿಯಲ್ಲ. ಆದುದರಿಂದ ವೈದ್ಯರು ರೋಗಿಯು ನೀಡುವ ವಿವರ, ದೇಹ ಪರೀಕ್ಷೆ ಹಾಗೂ ಅಗತ್ಯವಿದ್ದಲ್ಲಿ ರಕ್ತ ಪರೀಕ್ಷೆ ಇವುಗಳ ಆಧಾರದ ಮೇಲೆ ರೋಗವನ್ನು ನಿರ್ಣಯಿಸುತ್ತಾರೆ.

ವೈದ್ಯರಿಗೆ ತಿಳಿಸಬೇಕಾದ ವಿವರಗಳು

ಹುಣ್ಣು ಕಾಣಿಸಿಕೊಂಡ ದಿನ, ನೋವು ಅಥವಾ ತುರಿಕೆ, ಹಿಂದೆ ಅದೇ ಜಾಗದಲ್ಲಿ ಬಂದಿತ್ತೇ ಎಂಬುದು, ಇತ್ತೀಚೆಗೆ ಸೇವಿಸಿದ ಮಾತ್ರೆಗಳು, ಹಚ್ಚಿದ ಮುಲಾಮು ಹಾಗೂ ಲೈಂಗಿಕ ಸಂಪರ್ಕದ ವಿವರ.

ಪ್ರಮುಖ ಲಕ್ಷಣಗಳು

1. ಸಿಫಿಲಿಸ್: ಸಂಪರ್ಕದ ನಂತರ 9ರಿಂದ 90 ದಿನಗಳೊಳಗೆ, ಸಾಮಾನ್ಯವಾಗಿ 3 ವಾರಗಳಲ್ಲಿ, ಗಟ್ಟಿಯಾದ, ನೋವಿಲ್ಲದ ಒಂದು ಹುಣ್ಣು.
2. ಹರ್ಪಿಸ್: ಗುಂಪಾಗಿ ಏಳುವ ನೀರುಗುಳ್ಳೆಗಳು, ಒಡೆದು ನೋವುಂಟುಮಾಡುತ್ತವೆ, ಮರುಕಳಿಸುತ್ತವೆ.
3. ಷಾಂಕ್ರಾಯ್ಡ್: ಮೆತ್ತನೆಯ, ಮುಟ್ಟಿದರೆ ರಕ್ತ ಬರುವ, ತೀವ್ರ ನೋವಿನ ಹುಣ್ಣು. ಇದು ಈಗ ವಿರಳ.
4. ಕಜ್ಜಿ: ರಾತ್ರಿ ಹೆಚ್ಚುವ ತುರಿಕೆ, ಬೆರಳುಗಳ ಸಂದಿಯಲ್ಲಿಯೂ, ಮನೆಯ ಇತರರಲ್ಲಿಯೂ ಕಂಡುಬರಬಹುದು.
5. ಔಷಧಿಯ ಅಡ್ಡಪರಿಣಾಮ: ಒಂದೇ ಮಾತ್ರೆ ಸೇವಿಸಿದಾಗಲೆಲ್ಲಾ ಒಂದೇ ಜಾಗದಲ್ಲಿ ಏಳುವ ಗುಳ್ಳೆ ಅಥವಾ ಹುಣ್ಣು, ಮಾಯ್ದ ಮೇಲೆ ಕಪ್ಪು ಕಲೆ ಉಳಿಯುತ್ತದೆ.
6. ಶಿಲೀಂಧ್ರ ಸೋಂಕು: ಕೆಂಪು, ತುರಿಕೆ, ಬಿಳಿ ಪದರ. ಪದೇ ಪದೇ ಬಂದಲ್ಲಿ ರಕ್ತದ ಸಕ್ಕರೆ ಅಂಶವನ್ನು ಪರೀಕ್ಷಿಸಿಕೊಳ್ಳುವುದು ಅವಶ್ಯಕ.

ಹಲವು ವಾರಗಳಾದರೂ ಮಾಯದ ಹುಣ್ಣಿನ ಸಂದರ್ಭದಲ್ಲಿ, ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಚರ್ಮದ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸಲಾಗುತ್ತದೆ.

ವಿಶೇಷ ಎಚ್ಚರಿಕೆ

ಸಿಫಿಲಿಸ್ ಹುಣ್ಣು ಚಿಕಿತ್ಸೆಯಿಲ್ಲದೆಯೂ 3ರಿಂದ 6 ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಆದರೆ ರೋಗವು ದೇಹದಲ್ಲಿಯೇ ಉಳಿಯುತ್ತದೆ. ಮುಂದೆ ಅಂಗೈ, ಅಂಗಾಲುಗಳಲ್ಲಿ ದದ್ದುಗಳು ಏಳಬಹುದು. ವರ್ಷಗಳ ನಂತರ ಹೃದಯ, ಮೆದುಳುಗಳಿಗೆ ಹಾನಿಯಾಗಬಹುದು. ಗರ್ಭಿಣಿಯರಲ್ಲಿ ಗರ್ಭಪಾತ ಅಥವಾ ಶಿಶುಮರಣ ಸಂಭವಿಸಬಹುದು. ಆರಂಭದ ದಿನಗಳಲ್ಲಿ ವಿ.ಡಿ.ಆರ್.ಎಲ್. ರಕ್ತ ಪರೀಕ್ಷೆಯಲ್ಲಿ ರೋಗ ಕಂಡುಬರದಿರಬಹುದಾದ್ದರಿಂದ, ವೈದ್ಯರು ಸೂಚಿಸಿದ ದಿನ ಮರುಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಆರಂಭಿಕ ಹಂತದ ಸಿಫಿಲಿಸ್ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್‌ನ ಒಂದು ಬಾರಿಯ ಚಿಕಿತ್ಸೆಯಿಂದ ಗುಣವಾಗುತ್ತದೆ. ಸಂಗಾತಿಗೂ ಚಿಕಿತ್ಸೆ ಅಗತ್ಯ. ಪೆನಿಸಿಲಿನ್ ಅಲರ್ಜಿ ಇರುವವರು ಮೊದಲೇ ತಿಳಿಸಬೇಕು.

ಸಾರ್ವಜನಿಕರಿಗೆ ಸೂಚನೆ

ಔಷಧಿ ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮು ತಂದು ಹಚ್ಚಬಾರದು. ಇದರಿಂದ ರೋಗದ ಲಕ್ಷಣಗಳು ಮರೆಯಾಗುತ್ತವೆ. ಸಂಕೋಚಪಡದೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷಿಸಿಕೊಂಡು, ಎಚ್.ಐ.ವಿ. ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು. ಹೆಚ್ಚಿನ ಮಾಹಿತಿಗೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು.