ಡೈ ಕಾಸ್ಟಿಂಗ್: ಲಾಭವೇನು, ತೊಡಕೇನು?

ಬೈಕ್ ಎಂಜಿನ್‌ನ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್ ಸಾಮಾನ್ಯವಾಗಿ ತಯಾರಾಗುವುದು ಡೈ ಕಾಸ್ಟಿಂಗ್ ವಿಧಾನದಲ್ಲಿ. ಕರಗಿದ ಲೋಹವನ್ನು ಉಕ್ಕಿನ ಅಚ್ಚಿನೊಳಗೆ, ಅಂದರೆ ಡೈ ಒಳಗೆ, ಭಾರೀ ಒತ್ತಡದಲ್ಲಿ ನುಗ್ಗಿಸಲಾಗುತ್ತದೆ. ಮರಳಿನ ಅಚ್ಚನ್ನು ಪ್ರತಿ ಸಲ ಒಡೆಯಬೇಕು. ಡೈ ಸಾವಿರಾರು ಸಲ ಬಳಕೆಗೆ ಬರುತ್ತದೆ.

ವೇಗವೇ ಇದರ ದೊಡ್ಡ ಲಾಭ. ಸಣ್ಣ ಭಾಗಗಳು ಸೆಕೆಂಡುಗಳಲ್ಲಿ ಸಿದ್ಧ. ಅಳತೆ ಕರಾರುವಾಕ್ಕು, ಹೊರಮೈ ನಯ, ಮುಂದಿನ ಮಷಿನಿಂಗ್ ಕೆಲಸವೂ ಕಡಿಮೆ.

ಆದರೆ ಡೈಗೇ ಲಕ್ಷಾಂತರ ರೂಪಾಯಿ ಬೇಕು. ಐನೂರು ಪೀಸ್‌ಗಳ ಆರ್ಡರ್ ನಂಬಿ ಡೈ ಮಾಡಿಸಿದರೆ ಹಾಕಿದ ಹಣ ಹುಟ್ಟುವುದು ಕಷ್ಟ. ಅಂಥ ಕೆಲಸಕ್ಕೆ ಮರಳಿನ ಅಚ್ಚೇ ವಾಸಿ. ಎಲ್ಲ ಲೋಹಕ್ಕೂ ಇದು ಒಗ್ಗದು. ಸತು ಸುಮಾರು 420, ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ. 1,500 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಉಕ್ಕನ್ನು ನುಗ್ಗಿಸಿದರೆ ಡೈ ಬಾಳಿಕೆ ಬರುವುದಿಲ್ಲ.

ನಿಜವಾದ ತಲೆನೋವು ಕಣ್ಣಿಗೆ ಕಾಣದ್ದು. ರಭಸಕ್ಕೆ ಗಾಳಿ ಒಳಗೇ ಸಿಕ್ಕಿಕೊಂಡು ಸಣ್ಣ ಗುಳ್ಳೆಗಳಾಗುತ್ತವೆ. ಆಮೇಲೆ ರಂಧ್ರ ಕೊರೆದಾಗ ಅವು ತೆರೆದುಕೊಂಡು ಎಣ್ಣೆ ಜಿನುಗಬಹುದು. ಗಟ್ಟಿಗೊಳಿಸಲು ಹೀಟ್ ಟ್ರೀಟ್‌ಮೆಂಟ್ ಮಾಡಿದರೆ ಮೈಯೇ ಬೊಬ್ಬೆ ಏಳುತ್ತದೆ. ಗಾಳಿಯನ್ನು ಮೊದಲೇ ಹೊರಗೆಳೆಯುವ ವ್ಯಾಕ್ಯೂಮ್ ವ್ಯವಸ್ಥೆ ಇದೆ, ಖರ್ಚು ಮತ್ತಷ್ಟು. ಭಾರ ಹೊರುವ ಭಾಗವಾದರೆ ಎಕ್ಸ್‌ರೇ ವರದಿ, ಎಣ್ಣೆ ತುಂಬುವ ಭಾಗವಾದರೆ ಸೋರಿಕೆ ಪರೀಕ್ಷೆಯ ವರದಿ ನೋಡಿಯೇ ಮಾಲು ತೆಗೆದುಕೊಳ್ಳುವುದು ಒಳ್ಳೆಯದು.